ಅಮ್ಮ ನೀರು ಕುಡಿಯುವುದನ್ನು ಬಿಟ್ಟಿದ್ದು ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಜನರಲ್ ವಾರ್ಡಿನಲ್ಲಿ ಒಂಬತ್ತು ದಿನ ನಾನೇ ಜೊತೆಗಿದ್ದೆ. ಚಿಕಿತ್ಸೆ ಬಗ್ಗೆ ನನ್ನದೇನೂ ದೂರಿಲ್ಲ. ನಾನು ಬರೆಯುತ್ತಿರುವುದು ಅಲ್ಲಿ ಕೇಳಿದ ಮಾತಿನ ಬಗ್ಗೆ.

ಮೂರನೇ ದಿನ ಅಮ್ಮ ಬೆಡ್‌ಪ್ಯಾನ್ ಕೇಳಿದರು. "ಈಗ ತಾನೇ ಕೊಟ್ಟಿದ್ದೆ ಅಲ್ವಾ ಅಜ್ಜಿ? ಎಷ್ಟು ಸಲ ಕೊಡೋದು?" ಎಂದು ಸಿಸ್ಟರ್ ವಾರ್ಡಿನ ಆ ತುದಿಯಿಂದಲೇ ಜೋರಾಗಿ ಕೇಳಿದರು. ಎದುರು ಬೆಡ್ಡಿನವರನ್ನು ನೋಡಲು ಬಂದಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅಮ್ಮ ಹೊದಿಕೆಯನ್ನು ಮುಖದ ತನಕ ಎಳೆದುಕೊಂಡರು. ಸಂಜೆ ಡ್ಯೂಟಿ ಬದಲಾಗುವಾಗಲೂ ಅದೇ ದನಿ: "ಹದಿನಾಲ್ಕು, ಹಿಪ್ ಕೇಸು, ಮೋಷನ್ ಆಗಿಲ್ಲ, ಎನಿಮಾ ಕೊಡ್ಬೇಕು." ಇಡೀ ವಾರ್ಡಿಗೆ ಗೊತ್ತಾಯಿತು.

ಎರಡು ದಿನ ಕಳೆದು ಡಾಕ್ಟರು ರೌಂಡ್ಸಿಗೆ ಬಂದಾಗ, "ಮೂತ್ರ ಕಡಿಮೆ ಆಗಿದೆ, ನೀರು ಕುಡಿಸ್ತಿಲ್ವಾ?" ಎಂದು ನನ್ನನ್ನು ಕೇಳಿದರು. ನೋಡಿದರೆ ಬೆಳಿಗ್ಗೆ ತುಂಬಿಸಿಟ್ಟ ಚೊಂಬು ಹಾಗೇ ಇತ್ತು. ಬಗ್ಗಿ ಅಮ್ಮನನ್ನು ಕೇಳಿದೆ. "ಕುಡಿದ್ರೆ ಮತ್ತೆ ಅವರನ್ನ ಕರೀಬೇಕಲ್ಲಪ್ಪ" ಎಂದರು. ಮಲಗಿದಲ್ಲೇ ಇರುವ ವಯಸ್ಸಾದವರು ನೀರು ಬಿಟ್ಟರೆ ಮೂತ್ರದ ಸೋಂಕು ಬರುವ ಅಪಾಯ ಜಾಸ್ತಿ. ಒಂದು ಒರಟು ಮಾತು ಅಲ್ಲಿಯವರೆಗೆ ಹೋಗುತ್ತದೆ. ಇದು ಸುಮ್ನೆ ಮನಸ್ಸಿಗೆ ಬೇಜಾರಾದ ವಿಷಯ ಅಲ್ಲ.

ಸಿಸ್ಟರುಗಳ ಕಷ್ಟವನ್ನೂ ಕಣ್ಣಾರೆ ಕಂಡಿದ್ದೇನೆ. ರಾತ್ರಿ ಮೂವತ್ತು ಬೆಡ್ಡಿಗೆ ಒಬ್ಬರೇ. ರೋಗಿಗಳ ಕಡೆಯವರು ಅವರ ಮೇಲೆ ಕೂಗಾಡುವುದನ್ನೂ ನೋಡಿದೆ, ನಾಚಿಕೆಯಾಯಿತು. ಆದರೆ ಆ ರಾತ್ರಿ ಪಾಳಿಯ ಹುಡುಗಿಯೇ ಅಮ್ಮನ ಕೈ ಹಿಡಿದು, "ಪುಟ್ಟಮ್ಮನವರೇ, ನಾನು ರಾತ್ರಿ ಡ್ಯೂಟಿ ಸಿಸ್ಟರ್. ಇಂಜೆಕ್ಷನ್ ಕೊಡ್ತೀನಿ, ಸ್ವಲ್ಪ ಉರಿಯುತ್ತೆ, ಆಯ್ತಾ?" ಎಂದು ಹೇಳಿ ಆಮೇಲೆ ಸೂಜಿ ಮುಟ್ಟಿದರು. ಸ್ಕ್ರೀನ್ ಪೂರ್ತಿ ಎಳೆದೇ ಬೆಡ್‌ಪ್ಯಾನ್ ಕೊಟ್ಟರು. ಇದಕ್ಕೆ ಹಿಡಿದದ್ದು ಅರ್ಧ ನಿಮಿಷ. ಆ ರಾತ್ರಿ ಅಮ್ಮ ತಾವಾಗಿಯೇ ನೀರು ಕೇಳಿದರು.

ಇಂಗ್ಲೆಂಡಿನ ಡಾಕ್ಟರ್ ಕೇಟ್ ಗ್ರೇಂಜರ್ ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ, ನೋಡಲು ಬರುವ ಆಸ್ಪತ್ರೆಯವರು ತಮ್ಮ ಹೆಸರನ್ನೂ ಹೇಳುತ್ತಿಲ್ಲ ಎಂದು ನೊಂದು, 2013ರಲ್ಲಿ ಅದಕ್ಕಾಗಿಯೇ ಒಂದು ಆಂದೋಲನ ಶುರು ಮಾಡಿದರು. ನಮ್ಮಲ್ಲೂ ದಾರಿ ಇದೆ. ಖಾಸಗಿ ಆಸ್ಪತ್ರೆಗಳ ಬಗ್ಗೆ ಇರುವ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರೋಗಿಗಳ ಹಕ್ಕುಗಳನ್ನೂ ಸೇರಿಸಿದ್ದಾರೆ. ರೋಗಿಯ ಘನತೆ, ಗುಟ್ಟು ಎರಡೂ ಅದರಲ್ಲಿವೆ. ಆದರೆ ನಾನಿದ್ದ ವಾರ್ಡಿನಲ್ಲಿ ಅದರ ಒಂದು ಬೋರ್ಡೂ ಕಣ್ಣಿಗೆ ಬೀಳಲಿಲ್ಲ.

ಆಸ್ಪತ್ರೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಡ್ಯೂಟಿ ಬದಲಾಗುವಾಗ ರೋಗಿಯ ವಿಷಯವನ್ನು ಮೆಲ್ಲಗೆ ಹೇಳಿಕೊಳ್ಳಲಿ. ಬೆಡ್ ನಂಬರ್ ಫೈಲಿನಲ್ಲಿರಲಿ, ಬಾಯಲ್ಲಿ ಹೆಸರಿರಲಿ. ಮುಟ್ಟುವ ಮೊದಲು ಒಂದು ಮಾತು ಹೇಳಲಿ. ರಾತ್ರಿಗೆ ಇನ್ನೊಬ್ಬ ಸಿಸ್ಟರನ್ನು ಹಾಕಿ, ಆ ಹುಡುಗಿಗೂ ಒಂದು ಲೋಟ ನೀರು ಕುಡಿಯಲು ಬಿಡುವು ಸಿಗಲಿ.

— ಒಬ್ಬ ಓದುಗ, ತಿಪಟೂರು