ಮಾರುವವರು ಯಾರೆಂದು ಗ್ರಾಹಕರಿಗೆ ಕಾಣಲಿ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಸೀರೆ ತರಿಸಿಕೊಂಡವರನ್ನು ‘ಯಾರ ಹತ್ತಿರ ಕೊಂಡಿರಿ’ ಎಂದು ಕೇಳಿದರೆ ಫ್ಲಿಪ್‌ಕಾರ್ಟ್, ಅಮೆಜಾನ್ ಇಲ್ಲವೇ ಮೀಶೋ ಎಂದೇ ಹೇಳುತ್ತಾರೆ. ಆದರೆ ಈ ಕಂಪನಿಗಳು ಸಂತೆಗೆ ಜಾಗ ಒದಗಿಸುವವೇ ಹೊರತು ಸೀರೆ ಮಾರುವವಲ್ಲ. ವಿದೇಶಿ ಬಂಡವಾಳವಿರುವ ಇಂಥ ಕಂಪನಿ ಹಲವು ಬ್ರ್ಯಾಂಡ್‌ಗಳ ಬಟ್ಟೆಬರೆಯನ್ನು ತಾನೇ ದಾಸ್ತಾನು ಇಟ್ಟುಕೊಂಡು ಗ್ರಾಹಕರಿಗೆ ಮಾರಲು ಕೇಂದ್ರದ ನಿಯಮಗಳಲ್ಲಿ ಅವಕಾಶವಿಲ್ಲ. ಹಾಗಾಗಿ ಬೇರೆ ಬೇರೆ ಊರುಗಳ ವ್ಯಾಪಾರಿಗಳು ಅಲ್ಲಿ ಮಾರಾಟಗಾರರಾಗಿ ಹೆಸರು ನೋಂದಾಯಿಸಿಕೊಂಡು ಮಾಲು ಕಳುಹಿಸುತ್ತಾರೆ. ಕಮಿಷನ್, ಸಾಗಣೆ, ಜಾಹೀರಾತು ಹೀಗೆ ಒಂದಿಲ್ಲೊಂದು ಬಾಬತ್ತಿನಲ್ಲಿ ಕಂಪನಿಗೆ ಅದರ ಪಾಲು ಸಲ್ಲುತ್ತದೆ.

ಎಲ್ಲ ಆನ್‌ಲೈನ್ ಮಾರುಕಟ್ಟೆಗಳೂ ಹೀಗೇ ಇರುವುದಿಲ್ಲ. 1996ರಿಂದ ನಡೆದುಬಂದಿರುವ ಇಂಡಿಯಾಮಾರ್ಟ್‌ನಲ್ಲಿ ಸಗಟು ಖರೀದಿದಾರರು ಬೇಕಾದ ಮಾಲಿನ ಬಗ್ಗೆ ವಿಚಾರಿಸುತ್ತಾರೆ. ಚೌಕಾಸಿ, ಹಣ, ರವಾನೆ ಬಹುಪಾಲು ಕೊಳ್ಳುವವರು, ಮಾರುವವರು ಇಬ್ಬರ ನಡುವೆಯೇ ತೀರ್ಮಾನವಾಗುತ್ತವೆ. ಓಎಲ್‌ಎಕ್ಸ್‌ನಂಥ ಕಡೆ ಹಳೆಯ ಸಾಮಾನನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡುವುದು ಒಳ್ಳೆಯದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆದ ಒಎನ್‌ಡಿಸಿ ಎಂಬ, ಹಲವು ಆ್ಯಪ್‌ಗಳನ್ನು ಒಂದಕ್ಕೊಂದು ಬೆಸೆಯುವ ಜಾಲದಲ್ಲಂತೂ ಕೊಳ್ಳುವವರ ಆ್ಯಪ್ ಒಂದು, ಮಾರುವವರ ಆ್ಯಪ್ ಇನ್ನೊಂದು ಇರಬಹುದು. ಮಾಲು ಸರಿಯಿಲ್ಲದಿದ್ದರೆ ಯಾರನ್ನು ಕೇಳಬೇಕು ಎಂಬುದು ಒಂದೊಂದು ಕಡೆ ಒಂದೊಂದು ರೀತಿ.

ಮಾರುವವರ ಗುರುತು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಇಳಕಲ್ ಸೀರೆಯನ್ನೇ ನೋಡಬಹುದು. ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಪಡೆದ ಈ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ನೂಲು) ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಮತ್ತು ಸೆರಗು ಕೂಡುವ ಜಾಗವನ್ನು ತಿರುವಿ ನೋಡಿದರೆ ಆ ಕೊಂಡಿಗಳ ಸಾಲು ಕಣ್ಣಿಗೆ ಬೀಳುತ್ತದೆ. ಆ್ಯಪ್‌ಗಳಲ್ಲಿ ಇಳಕಲ್ ಸೀರೆ ಎಂದು ಹುಡುಕಿದರೆ ಟೋಪ್ ತೆನಿ ಎಂಬ ಸಾಂಪ್ರದಾಯಿಕ ವಿನ್ಯಾಸದ ಸೆರಗನ್ನು ಪ್ರಿಂಟ್ ಮಾಡಿದ ಪಾಲಿಯೆಸ್ಟರ್ ಸೀರೆಗಳೂ ಅದೇ ಹೆಸರಿನಲ್ಲಿ ಎದುರಾಗುತ್ತವೆ. ಫೋಟೊದಲ್ಲಿ ಕೊಂಡಿ ಕಾಣುವುದಿಲ್ಲ, ಕಾಣುವುದು ಬೆಲೆ ಮಾತ್ರ. ಇನ್ನು ನೇಕಾರರ ಸೀರೆ ಆ್ಯಪ್ ಹತ್ತಿತೆಂದರೂ ನಿಶ್ಚಿಂತೆಯಿಲ್ಲ. ಪ್ರತಿ ಸಲ ನೂಲಿಗೆ ಬಣ್ಣ ಹಾಕಿದಾಗಲೂ ಛಾಯೆ ತುಸು ಬೇರೆಯಾಗುತ್ತದೆ. ‘ಫೋಟೊದಲ್ಲಿದ್ದಂತೆ ಇಲ್ಲ’ ಎಂದು ವಾಪಸ್ ಬಂದ ಸೀರೆಯ ಮಡಿಕೆ ಬಿಚ್ಚಿಹೋಗಿ, ಹೊಸದೆಂದು ಮಾರಲು ಬಾರದಂತಾಗಿರುತ್ತದೆ.

ಮಾರಾಟಗಾರರ ಹೆಸರು, ವಿಳಾಸ, ದೂರು ಹೇಳಿಕೊಳ್ಳಬೇಕಾದ ಸಂಖ್ಯೆ ಇವೆಲ್ಲ ಗ್ರಾಹಕರಿಗೆ ಎದ್ದು ಕಾಣುವಂತೆ ಇರಬೇಕೆಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಿಯಮ ಹೀಗಿದ್ದರೂ ಮಾರಾಟಗಾರರ ಹೆಸರು ಎಷ್ಟೋ ಕಡೆ ಬೆಲೆ, ರಿಯಾಯಿತಿ, ಕೊಡುಗೆಗಳೆಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಉಳಿದಿರುತ್ತದೆ. ಅದನ್ನು ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲಿ ಆ್ಯಪ್ ಬಳಸುವವರಿಗೆ ಕನ್ನಡದಲ್ಲೇ, ತೋರಿಸುವಂತೆ ಸಂಬಂಧಪಟ್ಟ ಇಲಾಖೆ ಕಂಪನಿಗಳಿಗೆ ತಾಕೀತು ಮಾಡಬೇಕು. ಜಿಐ ಹೆಸರು ಬಳಸಿ ಮಾರುವವರಿಂದ ಅದಕ್ಕೆ ತಕ್ಕ ಪುರಾವೆಯನ್ನೂ ಕೇಳುವಂತಾಗಬೇಕು.

ನೇಕಾರರು ತಮ್ಮ ಹೆಸರಿನಲ್ಲೇ ಮಾರಲು ಹೊರಟರೆ ಇನ್ನೊಂದು ತೊಡಕಿದೆ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗಿನ ವಹಿವಾಟಿನವರು ಜಿಎಸ್‌ಟಿ ನೋಂದಣಿಯಿಲ್ಲದೆ ಇ-ಕಾಮರ್ಸ್ ಕಂಪನಿಗಳ ಮೂಲಕ ಮಾಲು ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶ ಸಿಕ್ಕಿದೆಯಾದರೂ ಅದು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಇಳಕಲ್ ಸೀರೆಯನ್ನು ‘ಇರಕಲ್’ ಎಂದು ಕರೆದು ಪ್ರೀತಿಯಿಂದ ಉಡುವ ಹೆಣ್ಣುಮಕ್ಕಳು ಮಹಾರಾಷ್ಟ್ರದ ತುಂಬ ಇದ್ದಾರೆ. ನೋಂದಣಿಯಿಲ್ಲದ ನಮ್ಮ ನೇಕಾರರು ಆ್ಯಪ್ ಮೂಲಕ ದೂರದ ಬೀದರ್‌ಗೆ ಸೀರೆ ಕಳುಹಿಸಬಹುದು, ಗಡಿಯಾಚೆಯ ಸೊಲ್ಲಾಪುರಕ್ಕೆ ಕಳುಹಿಸುವಂತಿಲ್ಲ. ಕೈಮಗ್ಗದ ಮಾಲಿಗಾದರೂ ಈ ನಿರ್ಬಂಧವನ್ನು ತೆಗೆಯುವಂತೆ ರಾಜ್ಯ ಸರ್ಕಾರ ಜಿಎಸ್‌ಟಿ ಮಂಡಳಿಯ ಮುಂದೆ ಪ್ರಸ್ತಾವ ಇಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಕೈಮಗ್ಗ ಸೀರೆ ವ್ಯಾಪಾರಿ, ಇಳಕಲ್