ಬೇಕಿರುವುದು ಒಂದು ಪಾಸು, ಒಂದು ಕೋಣೆ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಜೂನ್ 16, 2021

ಮಾನ್ಯ ಉನ್ನತ ಶಿಕ್ಷಣ ಮತ್ತು ಕೌಶಲ್ಯಾಭಿವೃದ್ಧಿ ಸಚಿವರಿಗೆ ನಮಸ್ಕಾರಗಳು.

ಹೊರದೇಶಕ್ಕೆ ಓದಲು, ದುಡಿಯಲು ಹೊರಟವರಿಗೆ ಆದ್ಯತೆಯ ಮೇಲೆ ಕೋವಿಡ್ ಲಸಿಕೆ ಕೊಡುವ ಕೆಲಸವನ್ನು ಸರ್ಕಾರ ಈ ತಿಂಗಳು ಶುರು ಮಾಡಿದೆ. ಜೂನ್ 7ರ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ಇವರಿಗೆ ಕೋವಿಶೀಲ್ಡ್ ಎರಡನೇ ಡೋಸಿಗೆ 84 ದಿನ ಕಾಯುವ ಪಾಡಿಲ್ಲ, 28 ದಿನ ಕಳೆದರೆ ಸಾಕು. ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಸೇರಿಸಿಕೊಳ್ಳಬಹುದು. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಆ ಸಾಲಿನಲ್ಲಿ ನಿಲ್ಲಬೇಕಾದರೆ ಕೈಯಲ್ಲಿ ವಿಶ್ವವಿದ್ಯಾಲಯದ ಪ್ರವೇಶಪತ್ರವೋ ನೌಕರಿಯ ಪತ್ರವೋ ಇರಬೇಕು. ಆ ಪತ್ರಕ್ಕೆ ಬಹುಪಾಲು ಮಂದಿಗೆ ಐಇಎಲ್‌ಟಿಎಸ್, ಟೋಫೆಲ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು. ಅಂಕ ಬೇಕೆಂದರೆ ಪರೀಕ್ಷೆ ಬರೆಯಬೇಕು. ಗಂಟು ಬಿದ್ದಿರುವುದು ಅಲ್ಲೇ. ಸರ್ಕಾರ ಕೈಹಿಡಿದಿರುವುದು ಹೊಳೆ ದಾಟಿ ದಡ ಹತ್ತುತ್ತಿರುವವರನ್ನು. ಈಚೆ ದಡದಲ್ಲಿ ದೋಣಿಗೆ ಕಾಯುತ್ತಿರುವವರ ಪರವಾಗಿ ಈ ಪತ್ರ.

ಮೊದಲು ಓಡಾಟದ ವಿಷಯ. ಜೂನ್ 14ರಿಂದ ಹಲವು ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದರೂ ಬೆಳಗಾವಿ, ಹಾಸನ, ಮೈಸೂರು, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ ಸೇರಿ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ ಹಾಗೇ ಇದೆ. ಸಡಿಲವಾದ ಕಡೆಯೂ ಸಾರಿಗೆ ಬಸ್ಸು ರಸ್ತೆಗಿಳಿದಿಲ್ಲ. ಸಂಜೆ 7ಕ್ಕೆ ಕರ್ಫ್ಯೂ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ವಾರಾಂತ್ಯ ಕರ್ಫ್ಯೂ. ಪರೀಕ್ಷಾ ಕೇಂದ್ರಗಳಿರುವುದು ಬೆಂಗಳೂರು, ಮಂಗಳೂರಿನಂಥ ಬೆರಳೆಣಿಕೆಯ ಊರುಗಳಲ್ಲಿ; ಕಾಗದದ ಮೇಲೆ ಬರೆಯುವ ಐಇಎಲ್‌ಟಿಎಸ್ ನಡೆಯುವುದು ಹೆಚ್ಚಾಗಿ ಶನಿವಾರ. ಕೇಂದ್ರ ಬಾಗಿಲು ತೆರೆದು ಸ್ಲಾಟ್ ಕೊಟ್ಟರೂ ಬೆಳಗಾವಿಯವರು 500 ಕಿಲೋಮೀಟರ್ ದಾಟಿ ಶುಕ್ರವಾರ ರಾತ್ರಿಯೇ ಬೆಂಗಳೂರು ಸೇರಬೇಕು, ಅಂದರೆ ಕರ್ಫ್ಯೂ ಹೊತ್ತಿನಲ್ಲಿ.

ಇನ್ನೊಂದು ತೊಡಕು ಅಧಿಕಾರಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್, ರೀಡಿಂಗ್, ರೈಟಿಂಗ್ ಒಂದೇ ದಿನ. ಸ್ಪೀಕಿಂಗ್ ಅದೇ ದಿನವಾದರೂ ಆಯಿತು, ಒಂದು ವಾರ ಹಿಂದೆ ಮುಂದೆ ಆದರೂ ಆಯಿತು. ಹದಿನಾಲ್ಕು ನಿಮಿಷದ ಮಾತಿಗೆ ಎರಡನೇ ಸಲ ಜಿಲ್ಲೆ ದಾಟಬೇಕಾಗಬಹುದು. ಆದ್ದರಿಂದ ‘ಪರೀಕ್ಷೆಯ ದಿನ ಓಡಾಟಕ್ಕೆ ಅನುಮತಿ’ ಎಂದಷ್ಟೇ ಆದೇಶ ಹೊರಡಿಸಿದರೆ ಅರ್ಧ ಕೆಲಸವಾದಂತೆ. ಪರೀಕ್ಷೆಯ ಹಿಂದಿನ ದಿನ, ಪರೀಕ್ಷೆಯ ದಿನ, ಮರುದಿನ, ಸ್ಪೀಕಿಂಗ್ ಬೇರೆ ದಿನವಿದ್ದರೆ ಅದಕ್ಕೂ ಹೀಗೆಯೇ ಮೂರು ದಿನ, ಜೊತೆಗೆ ಬರುವ ಒಬ್ಬರು, ಒಂದು ವಾಹನ: ಇಷ್ಟೂ ಅದರಲ್ಲಿ ಬರಬೇಕು. ಆದೇಶ ಕನ್ನಡದಲ್ಲಿರಲಿ, ಪರೀಕ್ಷಾ ಸಂಸ್ಥೆಗಳ ದೃಢೀಕರಣ ಪತ್ರ ಹೇಗಿರುತ್ತದೆ ಎಂಬ ಮಾದರಿಯನ್ನೂ ಲಗತ್ತಿಸಿ. ಚೆಕ್‌ಪೋಸ್ಟಿನಲ್ಲಿ ನಿಂತ ಕಾನ್‌ಸ್ಟೇಬಲ್ಲಿಗೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಗೊತ್ತು. ಮೊಬೈಲಿನಲ್ಲಿ ತೋರಿಸುವ ಇಂಗ್ಲಿಷ್ ಇಮೇಲ್ ಪರೀಕ್ಷೆಯದೋ ಮದುವೆಯದೋ ಎಂದು ಅವರು ಹೇಗೆ ತಿಳಿಯಬೇಕು?

‘ಮನೆಯಲ್ಲೇ ಬರೆಯುವ ಪರೀಕ್ಷೆಗಳು ಬಂದಿವೆಯಲ್ಲ’ ಎನ್ನುವವರಿದ್ದಾರೆ. ಬಂದಿವೆ. ಟೋಫೆಲ್ ಕಳೆದ ವರ್ಷದಿಂದ ಮನೆಯಲ್ಲೂ ಬರೆಯಬಹುದು. ಡ್ಯುಯೊಲಿಂಗೊ 49 ಡಾಲರಿಗೆ ಮುಗಿಯುತ್ತದೆ, ಎರಡು ದಿನದಲ್ಲಿ ಫಲಿತಾಂಶ. ದಾದಿಯರು ಬರೆಯುವ ಓಇಟಿಗೂ ಮನೆ ಆವೃತ್ತಿ ಇದೆ. ಆದರೆ ಎಲ್ಲ ಬಾಗಿಲಿಗೂ ಈ ಕೀಲಿ ಹೊಂದುವುದಿಲ್ಲ. ಕೆನಡಾದ ತ್ವರಿತ ವಿದ್ಯಾರ್ಥಿ ವೀಸಾಕ್ಕೆ ಕೇಂದ್ರದಲ್ಲಿ ಬರೆದ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 6 ಬ್ಯಾಂಡ್ ಬೇಕು. ಅದೇ ಸಂಸ್ಥೆಯ ಮನೆ ಪರೀಕ್ಷೆಯಾದ ಇಂಡಿಕೇಟರ್ ಅಲ್ಲಿ ನಡೆಯದು. ಇದು ತಿಳಿಯದೆ ದುಡ್ಡು ಕಟ್ಟಿದವರಿದ್ದಾರೆ. ನಿಮ್ಮ ಇಲಾಖೆಯ ಸಹಾಯವಾಣಿ ಒಂದು ವಾಕ್ಯ ಹೇಳಿದರೂ ಸಾಕಿತ್ತು: ದುಡ್ಡು ಕಟ್ಟುವ ಮುಂಚೆ ವಿಶ್ವವಿದ್ಯಾಲಯ, ವೀಸಾ ಎರಡೂ ಆ ಪರೀಕ್ಷೆಯನ್ನು ಒಪ್ಪುತ್ತವೆಯೇ ಬೇರೆಬೇರೆಯಾಗಿ ನೋಡಿಕೊಳ್ಳಿ, ಒಂದು ಒಪ್ಪಿದರೆ ಇನ್ನೊಂದೂ ಒಪ್ಪುತ್ತದೆ ಎಂದುಕೊಳ್ಳಬೇಡಿ.

ಮನೆ ಪರೀಕ್ಷೆ ನಡೆಯುವವರಿಗೂ ತೊಂದರೆ ಮನೆಯದ್ದೇ. ಟೋಫೆಲ್ ಶುರುವಾಗುವ ಮುಂಚೆ ಪ್ರಾಕ್ಟರ್, ಅಂದರೆ ಇಂಟರ್ನೆಟ್ಟಿನಲ್ಲೇ ಕಣ್ಣಿಟ್ಟು ಕಾಯುವ ಮೇಲ್ವಿಚಾರಕರು, ಏನೇನು ಕೇಳುತ್ತಾರೆ ನೋಡಿ. ಕ್ಯಾಮೆರಾ ತಿರುಗಿಸಿ ಕೋಣೆಯ ನಾಲ್ಕೂ ಗೋಡೆ, ಮೇಜಿನ ಮೇಲು ಕೆಳಗು ತೋರಿಸಬೇಕು. ಕಂಪ್ಯೂಟರಿನ ಪರದೆಯನ್ನು ಕೈಗನ್ನಡಿಯಲ್ಲೋ ಮೊಬೈಲಿನಲ್ಲೋ ತೋರಿಸಿ, ಮೊಬೈಲನ್ನು ಕೈಗೆ ಸಿಗದಷ್ಟು ದೂರ ಇಡಬೇಕು. ಕಿವಿ ಕಾಣಬೇಕು, ಹೆಡ್‌ಫೋನ್ ಕೂಡದು, ಸದ್ದು ಸ್ಪೀಕರಿನಲ್ಲೇ ಕೇಳಬೇಕು. ಟಿಪ್ಪಣಿಗೆ ಕಾಗದವಿಲ್ಲ, ಅಳಿಸುವ ಪುಟ್ಟ ಬಿಳಿಹಲಗೆ. ಬಾಗಿಲು ಮುಚ್ಚಿರಬೇಕು, ಒಳಗೆ ಇನ್ನೊಬ್ಬರು ಇರಕೂಡದು. ಟ್ಯಾಬ್, ಮೊಬೈಲ್ ನಡೆಯುವುದಿಲ್ಲ. ಇದೆಲ್ಲ ಸುಮಾರು ಮೂರು ಗಂಟೆ ತಡೆಯಬೇಕು. ಎರಡು ಕೋಣೆಯಲ್ಲಿ ಐದು ಜನ, ಇಬ್ಬರು ಆನ್‌ಲೈನ್ ಕ್ಲಾಸಿನ ಮಕ್ಕಳು, ಕುಕ್ಕರಿನ ಕೂಗು, ‘ಏನೋ ಮಾಡ್ತಿದ್ದೀಯಾ’ ಎಂದು ಬಾಗಿಲು ತಳ್ಳುವ ಅಜ್ಜಿ. ಅಜ್ಜಿಯ ತಪ್ಪಲ್ಲ, ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಬಹುದು. ಇನ್ನು ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಕ್ಕಳಿಗೆ ನಾಲ್ಕು ಗೋಡೆಯ ಕೋಣೆಯನ್ನು ಗುಡ್ಡದ ಮೇಲೆ ಎಲ್ಲಿಂದ ತರುವುದು?

ಅದಕ್ಕೇ ಕೇಳುತ್ತಿದ್ದೇವೆ: ಪ್ರತಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜು ಅಥವಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಎರಡು ಮೂರು ಕೋಣೆ ತೆರೆಯಿರಿ. ಕಾಲೇಜುಗಳು ಹೇಗೂ ಖಾಲಿ ಇವೆ. ಆದರೆ ದಯವಿಟ್ಟು ಕಂಪ್ಯೂಟರ್ ಲ್ಯಾಬನ್ನು ತೆರೆದು ಮೂವತ್ತು ಜನರನ್ನು ಕೂರಿಸಬೇಡಿ. ಸರ್ಕಾರಿ ಯೋಜನೆ ಎಂದರೆ ಮೊದಲು ಹೊಳೆಯುವುದು ಅದೇ, ಮೊದಲು ಕೆಡುವುದೂ ಅದೇ. ಪಕ್ಕದವರ ಸ್ಪೀಕಿಂಗ್ ಮೈಕಿಗೆ ಬಿದ್ದರೆ ಇಬ್ಬರದೂ ರದ್ದಾದೀತು. ಸೈಬರ್ ಕೆಫೆಯಂಥ ಸಾರ್ವಜನಿಕ ಜಾಗವನ್ನು ನಿಯಮವೇ ಒಪ್ಪುವುದಿಲ್ಲ. ಬೇಕಿರುವುದು ವಿಭಾಗ ಮುಖ್ಯಸ್ಥರ ಕೊಠಡಿಯಂಥ, ಚಿಲಕವಿರುವ, ಒಬ್ಬರೇ ಕೂರುವ ಪುಟ್ಟ ಕೋಣೆ.

ಒಳಗೆ ವಿಂಡೋಸ್ ಇರುವ ಲ್ಯಾಪ್‌ಟಾಪ್ ಇಡಿ. ಉಬುಂಟು ಹಾಕಿದ ಯಂತ್ರದಲ್ಲಿ ಪರೀಕ್ಷೆಯ ಬ್ರೌಸರ್ ಓಡುವುದಿಲ್ಲ. ಡೆಸ್ಕ್‌ಟಾಪ್ ಆದರೆ ಕೈಯಲ್ಲಿ ಹಿಡಿದು ತಿರುಗಿಸಲು ಉದ್ದ ತಂತಿಯ ವೆಬ್‌ಕ್ಯಾಮ್ ಬೇಕು. ಆ ಬ್ರೌಸರನ್ನು ಅಲ್ಲೇ ಇಳಿಸಿಕೊಳ್ಳಬೇಕಾದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವವರು ಹತ್ತಿರ ಇರಬೇಕು. ಅವರು ವರ್ಕ್ ಫ್ರಂ ಹೋಮ್‌ನಲ್ಲಿದ್ದರೆ ಪರೀಕ್ಷೆ ಮನೆಗೂ ಇಲ್ಲ, ಕಾಲೇಜಿಗೂ ಇಲ್ಲ. ವೈಫೈ ನಂಬದೆ ತಂತಿ ಎಳೆಯಿರಿ. ಕಾಲೇಜಿನ ಫೈರ್‌ವಾಲ್ ಪ್ರಾಕ್ಟರ್ ಸಂಪರ್ಕವನ್ನೇ ತಡೆಯಬಹುದು, ಆದ್ದರಿಂದ ಹಿಂದಿನ ದಿನವೇ ಅದೇ ಕುರ್ಚಿಯಲ್ಲಿ ಕೂತು ಉಪಕರಣ ಪರೀಕ್ಷೆ ಮಾಡಿಸಬೇಕು. ಯುಪಿಎಸ್ ಎಲ್ಲ ಕಾಲೇಜಿನಲ್ಲೂ ಇರುತ್ತದೆ, ಕಂಪ್ಯೂಟರಿಗೆ. ರೂಟರ್ ಮಾತ್ರ ಕಚೇರಿಯ ಮೂಲೆಯಲ್ಲಿ ಬರಿಯ ಪ್ಲಗ್ಗಿನಲ್ಲಿರುತ್ತದೆ. ಕರೆಂಟು ಹೋದಾಗ ಯಂತ್ರ ಉರಿಯುತ್ತಲೇ ಇರುತ್ತದೆ, ಸಂಪರ್ಕ ಸತ್ತಿರುತ್ತದೆ. ಆ ರೂಟರನ್ನು ಯುಪಿಎಸ್ಸಿಗೆ ಸೇರಿಸಲು ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಾಕು. ಹಾಂ, ಪೀರಿಯಡ್ ಬೆಲ್ಲು ತಾನಾಗಿ ಹೊಡೆಯುವ ಕಾಲೇಜುಗಳಿವೆ. ಮಕ್ಕಳಿಲ್ಲದಿದ್ದರೂ ಅದು ಹೊಡೆಯುತ್ತಲೇ ಇರುತ್ತದೆ. ಮೂರು ಗಂಟೆ ಅದರ ಬಾಯಿ ಮುಚ್ಚಿಸಿ. ಸ್ಲಾಟುಗಳು ಅಪರಾತ್ರಿಯಲ್ಲೂ ಇರುವುದರಿಂದ ಕೀಲಿ ಯಾರ ಬಳಿ ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ತಯಾರಿಗೂ ಇದೇ ಕಾಲೇಜುಗಳು ನೆರವಾಗಬಲ್ಲವು. ಸ್ಟಡಿ ಮೆಟೀರಿಯಲ್ ಯಾರಿಗೂ ಬೇಡ, ವಾಟ್ಸ್‌ಆ್ಯಪಿನಲ್ಲಿ ಪಿಡಿಎಫ್‌ಗಳ ಸುರಿಮಳೆಯೇ ಆಗಿದೆ. ಕೊರತೆ ಇರುವುದು ಪರದೆಗೆ ಮತ್ತು ಕೀಲಿಮಣೆಗೆ. ಐಇಎಲ್‌ಟಿಎಸ್ ರೀಡಿಂಗ್ ಎಂದರೆ 60 ನಿಮಿಷದಲ್ಲಿ 40 ಪ್ರಶ್ನೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಗದ್ಯ ಎಡಕ್ಕೆ, ಪ್ರಶ್ನೆ ಬಲಕ್ಕೆ. ಮೊಬೈಲಿನಲ್ಲಿ ಗದ್ಯ ಕಂಡರೆ ಪ್ರಶ್ನೆ ಕಾಣದು. ಎರಡು ತಿಂಗಳು ಹೀಗೆ ಮೇಲೆ ಕೆಳಗೆ ಜಾರಿಸುತ್ತಾ ಅಭ್ಯಾಸ ಮಾಡಿದವರಿಗೆ ಪರೀಕ್ಷೆಯಲ್ಲಿ ಮೂರನೇ ಗದ್ಯದ ಹೊತ್ತಿಗೆ ಸಮಯ ಮುಗಿದಿರುತ್ತದೆ. ಲಿಸನಿಂಗ್ ಒಮ್ಮೆ ಮಾತ್ರ ಕೇಳಿಸುತ್ತದೆ. ಮೊಬೈಲಿನಲ್ಲಿ ಹಿಂದಕ್ಕೆ ಎಳೆದು ಕೇಳುವ ಚಟ ಅಲ್ಲಿ ಕೈಕೊಡುತ್ತದೆ. ರೈಟಿಂಗ್‌ನಲ್ಲಿ ಒಂದು ಗಂಟೆಯಲ್ಲಿ 150 ಮತ್ತು 250 ಪದಗಳ ಎರಡು ಬರಹ, ಎರಡನೆಯದಕ್ಕೆ ದುಪ್ಪಟ್ಟು ತೂಕ. ಬೆರಳು ಕೀಲಿ ಹುಡುಕುತ್ತಿದ್ದರೆ ಸೋಲುವುದು ಆ ಎರಡನೆಯದೇ. ಒಬ್ಬರಿಗೆ ದಿನಕ್ಕೆ ಎರಡು ಗಂಟೆಯಂತೆ ಮೂರು ವಾರ, ಮಧ್ಯೆ ಒಂದು ಕುರ್ಚಿ ಬಿಟ್ಟು, ಲ್ಯಾಬನ್ನು ತೆರೆದಿಟ್ಟರೆ ಸಾಕು. ಲ್ಯಾಬು ಉಪಯೋಗಕ್ಕೆ ಬರುವುದು ಇಲ್ಲಿ.

ಸ್ಪೀಕಿಂಗ್‌ಗೆ ಅದೂ ಬೇಡ. ಡೇಟಾ ಇಲ್ಲದ ಸಾದಾ ಫೋನ್ ಕರೆಯಲ್ಲೇ ಅಭ್ಯಾಸವಾಗುತ್ತದೆ: 11ರಿಂದ 14 ನಿಮಿಷ, ನಡುವೆ ಒಂದು ನಿಮಿಷ ಯೋಚಿಸಿ ಎರಡು ನಿಮಿಷ ನಿಲ್ಲದೆ ಮಾತು. ಸರ್ಕಾರಿ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರು ದಿನಕ್ಕೆ ನಾಲ್ಕು ಕರೆ ತೆಗೆದುಕೊಂಡರೂ ಒಂದು ಗಂಟೆ ಮೀರದು. ಅವರಿಗಿರುವ ಒಂದು ಅನುಕೂಲ ವಿದೇಶಿ ಆ್ಯಪ್‌ಗಳಿಗಿಲ್ಲ. ತಪ್ಪು ಎಲ್ಲಿಂದ ಬಂತೆಂದು ಅವರಿಗೆ ಗೊತ್ತು. ‘ಎರಡು ವರ್ಷದಿಂದ’ ಎನ್ನುವಾಗಲೂ ‘2019ರಿಂದ’ ಎನ್ನುವಾಗಲೂ ಕನ್ನಡಕ್ಕೆ ಒಂದೇ ‘ಇಂದ’ ಸಾಕು, ಇಂಗ್ಲಿಷ್‌ಗೆ ಮೊದಲನೆಯದಕ್ಕೆ ‘ಫಾರ್’, ಎರಡನೆಯದಕ್ಕೆ ‘ಸಿನ್ಸ್’. ‘ಅದರ ಬಗ್ಗೆ ಚರ್ಚಿಸು’ ಎಂಬುದರೊಳಗಿನ ‘ಬಗ್ಗೆ’ ಹೋಗಿ ‘ಡಿಸ್ಕಸ್ ಅಬೌಟ್’ ಆಗಿ ಕೂರುತ್ತದೆ. ಕನ್ನಡದಲ್ಲಿ ‘ದಿ’ ಎಂಬ ಪದವೇ ಇಲ್ಲವಾದ್ದರಿಂದ ಬೇಕಾದಲ್ಲಿ ಅದು ಬಿಟ್ಟುಹೋಗುತ್ತದೆ. ಕಾರಣ ಹೇಳಿಕೊಟ್ಟರೆ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತಾರೆ. ‘ರಾಂಗ್’ ಎಂದು ಕೆಂಪು ಗೆರೆ ಎಳೆದರೆ ಆರು ತಿಂಗಳಾದರೂ ತಿದ್ದುವುದಿಲ್ಲ.

ದಾದಿಯರದು ಬೇರೆ ಕಥೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಕೇಳುವುದು ಐಇಎಲ್‌ಟಿಎಸ್‌ನಲ್ಲಿ 7, ರೈಟಿಂಗ್‌ಗೆ ಮಾತ್ರ 6.5. ಒಂದೇ ಸಲಕ್ಕೆ ಆಗದಿದ್ದರೆ ಎರಡು ಸಲ ಬರೆದ ಅಂಕ ಜೋಡಿಸಬಹುದು, ಆದರೆ ಎರಡೂ 6 ತಿಂಗಳೊಳಗಿರಬೇಕು. ಜನವರಿಯಲ್ಲಿ ಒಮ್ಮೆ ಬರೆದು ರೈಟಿಂಗ್‌ನಲ್ಲಿ ತುಸು ಹಿಂದೆ ಬಿದ್ದವರಿಗೆ ಆ ಗಡುವು ಮುಂದಿನ ತಿಂಗಳು ಮುಗಿಯುತ್ತದೆ. ಇವರಲ್ಲಿ ಎಷ್ಟೋ ಮಂದಿ ಇಷ್ಟೂ ದಿನ ಇಲ್ಲೇ ಕೋವಿಡ್ ವಾರ್ಡಿನಲ್ಲಿದ್ದರು. ಪರೀಕ್ಷೆಗೆಂದು ಎರಡು ದಿನದ ರಜೆ ಕೇಳಿದರೆ ಇಲ್ಲವೆನ್ನಬೇಡಿ ಎಂದು ಆರೋಗ್ಯ ಸಚಿವರಿಗೆ ನೀವೇ ಒಂದು ಮಾತು ಹೇಳಬೇಕು.

ಅಂಕದ ಆಯುಸ್ಸು ಎರಡೇ ವರ್ಷ. 2019ರ ಮಧ್ಯದಲ್ಲಿ ಬರೆದು, ಕಳೆದ ವರ್ಷದ ಪ್ರವೇಶವನ್ನು ಈ ವರ್ಷಕ್ಕೆ ಮುಂದೂಡಿಕೊಂಡವರ ಅಂಕ ಈಗ ಒಂದೊಂದಾಗಿ ಸಾಯುತ್ತಿದೆ. ಅದು ನಿಮ್ಮ ಕೈಯಲ್ಲಿಲ್ಲ. ಪ್ರಯಾಣಕ್ಕೆ ನಿರ್ಬಂಧ ಹಾಕುವ ಬ್ರಿಟನ್ನಿನ ಕೆಂಪು ಪಟ್ಟಿಯಾಗಲಿ, ಏಪ್ರಿಲ್‌ನಲ್ಲಿ ಕೆನಡಾ ನಿಲ್ಲಿಸಿದ ನೇರ ವಿಮಾನವಾಗಲಿ ನಿಮ್ಮ ಕೈಯಲ್ಲಿಲ್ಲ. ಓಡಾಟದ ಪಾಸು ನಿಮ್ಮ ಕೈಯಲ್ಲಿದೆ, ಕೋಣೆ ಇದೆ. ಲಸಿಕೆಯ ಆದ್ಯತೆಗೆ ಪರೀಕ್ಷೆಯ ದೃಢೀಕರಣ ಪತ್ರವನ್ನೂ ಒಪ್ಪಿಕೊಳ್ಳುವಂತೆ ಕೇಂದ್ರಕ್ಕೆ ಬರೆಯುವುದೂ ಇದೆ.

ದಿನದ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇವೆ. ಸೆಪ್ಟೆಂಬರಿನ ತರಗತಿಗೆ ಹೋಗುವವರು ಜುಲೈ 10ರ ಸುಮಾರಿಗೆ ಕಾಗದದ ಪರೀಕ್ಷೆ ಬರೆದರೆ 13 ದಿನಕ್ಕೆ, ಅಂದರೆ 23ಕ್ಕೆ ಫಲಿತಾಂಶ. ಆಮೇಲೆ ಪ್ರವೇಶಪತ್ರ, ಅದು ಬಂದ ಮೇಲೆ ಲಸಿಕೆಯ ಸಾಲು, ಮೊದಲ ಡೋಸಿನಿಂದ 28 ದಿನ, ಅದರ ಜೊತೆಜೊತೆಗೇ ವೀಸಾ. ಜುಲೈ ಕೊನೆಗೆ ಮೊದಲ ಡೋಸು ಬಿದ್ದರೆ ಎರಡನೆಯದು ಆಗಸ್ಟ್ ಕೊನೆಗೆ. ಆದ್ಯತೆಯ ಮಾರ್ಗಸೂಚಿಯ ಅವಧಿ ಮುಗಿಯುವುದೂ ಆಗಸ್ಟ್ 31ಕ್ಕೇ. ಓಡಾಟದ ಆದೇಶ ಈ ತಿಂಗಳೊಳಗೆ ಜಿಲ್ಲಾಧಿಕಾರಿಗಳ ಕೈ ಸೇರಬೇಕು.

ಇಂತಿ,
ಐಇಎಲ್‌ಟಿಎಸ್, ಟೋಫೆಲ್, ಓಇಟಿ ಪಾಠ ಹೇಳುವ ಕೆಲವು ಅಧ್ಯಾಪಕರು