ಮೆಶ್ ಹರಿಸುವ ಪುಟ್ಟಿ ಪಟ್ಟಿ

ಮಾನ್ಯರೆ,

ಬಳ್ಳಾರಿಯ ಜೀನ್ಸ್ ಘಟಕಗಳ ಜೊತೆಗೇ ಲೇಬಲ್, ಚೀಲ, ಟೀಶರ್ಟಿಗೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಕೆಲಸವೂ ನಡೆಯುತ್ತದೆ. ಸ್ಕ್ರೀನಿನ ಚೌಕಟ್ಟಿಗೆ ಬಿಗಿದ, ಇಂಕು ಇಳಿಯುವ ಬಲೆಯಂಥ ಬಟ್ಟೆ, ಅಂದರೆ ಮೆಶ್, ಹರಿದರೆ ಬೈಗುಳ ಅದನ್ನು ಮಾರಿದವನಿಗೆ. ಗೋಡೆಗೆ ಪುಟ್ಟಿ ಹಚ್ಚುವ ಕಬ್ಬಿಣದ ಪಟ್ಟಿಯಲ್ಲಿ ಸ್ಕ್ರೀನ್ ಮೇಲೆ ಉಳಿದ ಇಂಕನ್ನು ಬಳಿದು ತೆಗೆಯುವುದನ್ನು ಮಾತ್ರ ಯಾರೂ ಬಿಡುವುದಿಲ್ಲ. ಅದರ ಚೂಪು ಮೂಲೆ ಬಿಗಿದ ಪಾಲಿಯೆಸ್ಟರ್ ಎಳೆಗೆ ಒಮ್ಮೆ ತಾಗಿದರೆ ಸಾಕು. ಕಣ್ಣಿಗೆ ಕಾಣದ ಆ ಗೀರು ಇಂಕು ತಳ್ಳುವ ರಬ್ಬರ್ ಪಟ್ಟಿಯನ್ನು (ಸ್ಕ್ವೀಜಿ) ಒತ್ತಿದಾಗ ಬಾಯಿ ಬಿಡುತ್ತದೆ.

ಡಬ್ಬಿಯಲ್ಲಿ ಗಟ್ಟಿ ಪ್ಲಾಸ್ಟಿಸಾಲ್ (ಬಟ್ಟೆಗೆ ಅಚ್ಚು ಹಾಕುವ ಪ್ಲಾಸ್ಟಿಕ್ ಇಂಕು) ಕಲಕಲು ಸ್ಟೇನ್‌ಲೆಸ್ ಸ್ಟೀಲೇ ಸರಿ, ಪ್ಲಾಸ್ಟಿಕ್ ಬಾಗುತ್ತದೆ. ಸ್ಕ್ರೀನ್ ಮೇಲಿನ ಇಂಕು ಬಳಿಯಲು ಪಾಲಿಪ್ರೊಪಿಲೀನ್ ಅಥವಾ ನೈಲಾನ್ ಪಟ್ಟಿ ಇರಲಿ: 7–8 ಸೆಂ.ಮೀ. ಅಗಲ, ಮೂಲೆ ದುಂಡಗೆ. ಅಂಚಿಗೆ ಉಗುರು ಸವರಿ ನೋಡಿ, ಎಲ್ಲಾದರೂ ತಡೆದರೆ 400 ನಂಬರಿನ ಉಜ್ಜುಕಾಗದದಲ್ಲಿ ತೀಡಿ ಪುಡಿ ಒರೆಸಿ. ಪಾಲಿಸ್ಟೈರೀನಿನ ಅಗ್ಗದ ಪಟ್ಟಿ ಥಿನ್ನರ್‌ಗೆ ಕರಗಿ ಅಂಟಂಟಾಗುತ್ತದೆ, ಪುಕ್ಕಟೆ ಕೊಟ್ಟರೂ ಬೇಡ.

ನೀರಿನ ಇಂಕಿನ ಕಥೆಯೇ ಬೇರೆ. ಸಾದಾ ಕಬ್ಬಿಣದ ತುಕ್ಕು ಬಿಳಿ ಬಣ್ಣ ಕೆಡಿಸುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲಿಗಂತೂ ಪಟ್ಟಿಯ ಅಂಚಿನ ಇಂಕು ನೋಡನೋಡುತ್ತಲೇ ಸಿಪ್ಪೆಗಟ್ಟುತ್ತದೆ. ಆ ಸಿಪ್ಪೆ ಡಬ್ಬಿಗೆ ಬಿದ್ದರೆ ಮೆಶ್‌ನ ಕಣ್ಣು ಕಟ್ಟಿ ಅಚ್ಚಿನಲ್ಲಿ ಖಾಲಿ ಚುಕ್ಕೆಗಳು. ಪಟ್ಟಿಯನ್ನು ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಕ್ರೀನಿನಿಂದ ಬಳಿದದ್ದನ್ನು ಹೊಸ ಇಂಕಿನ ಡಬ್ಬಿಗೆ ಸೇರಿಸದೆ ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿಡಿ.

ಬಣ್ಣಕ್ಕೊಂದು ಪಟ್ಟಿ ಸಾಧ್ಯವಿಲ್ಲದಿದ್ದರೆ ಬಿಳಿಗಾದರೂ ಒಂದನ್ನು ಮೀಸಲಿಡಿ. ಇಂಕು ಮಾರುವ ಅಂಗಡಿಯವರೂ ಡಬ್ಬಿಯ ಪಕ್ಕ ಇಂಥ ಪಟ್ಟಿ ಇಟ್ಟು ಮಾರಲಿ.

– ಸ್ಕ್ರೀನ್ ಪ್ರಿಂಟಿಂಗ್ ಕೆಲಸಗಾರರು, ಬಳ್ಳಾರಿ